ವಸಂತಮ್ಮನ ಎಂಬತ್ತೇಳನೇ ದಿನ

ಬೆಳಗಿನ ಐದೂ ಇಪ್ಪತ್ತು. ಮಂಡಿ ಮೊಹಲ್ಲಾದ ಓಣಿಯಲ್ಲಿ ಲಾರಿಯಿಂದ ಬೆಲ್ಲದ ಮೂಟೆಗಳು ಇಳಿಯುತ್ತಿವೆ. ಹಮಾಲಿಗಳ ನಡುವೆ ನೆರಿಗೆ ಎತ್ತಿ ಹಿಡಿದು ದಾರಿ ಮಾಡಿಕೊಂಡು ಬರುವ ಹೆಂಗಸು ಮಂಡಿಯ ಪಕ್ಕದ ಕಡಿದಾದ ಮರದ ಮೆಟ್ಟಿಲು ಹತ್ತುತ್ತಾರೆ. ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಕಿಟಕಿ ತೆರೆದು, ಸಾಲಾಗಿ ಕೂತ ಹನ್ನೊಂದು ಹಳೆಯ ಕಂಪ್ಯೂಟರ್‌ಗಳ ಗುಂಡಿಯನ್ನು ಒಂದೊಂದಾಗಿ ಒತ್ತುತ್ತಾ ಹೋಗುತ್ತಾರೆ. ಫ್ಯಾನುಗಳು ಗೊರಕೆ ಹೊಡೆಯಲು ಶುರುಮಾಡುತ್ತವೆ. ಆರನೆಯದು ಮಾತ್ರ ಏಳುವುದಿಲ್ಲ. ಅದರ ಪಕ್ಕೆಗೆ ಅಂಗೈಯಿಂದ ಒಂದು ಏಟು ಬೀಳುತ್ತದೆ. ಅದೂ ಏಳುತ್ತದೆ.

"ಇದ್ಕೆ ದಿನಾ ಒಂದ್ ಕೊಡ್ಲೇಬೇಕು ಸಾರ್. ಇಲ್ದಿದ್ರೆ ಕೆಲ್ಸಕ್ಕೇ ಬರಲ್ಲ" ಎನ್ನುತ್ತಾರೆ ಐವತ್ತಮೂರರ ವಸಂತಮ್ಮ.

ಗೋಡೆಯ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ 82 ಎಂದಿದೆ. ಅದನ್ನು ಅವರು ಈಗಲೇ ಒರೆಸುವುದಿಲ್ಲ. ಹನ್ನೊಂದು ಯಂತ್ರಗಳು ಹಂಚಿಕೊಂಡು ಒಂದು ತಂತ್ರಾಂಶದ ಮೇಲೆ ಮೂವತ್ತೆಂಟು ಸಾವಿರದ ನಾನೂರ ಹನ್ನೆರಡು ಪರೀಕ್ಷೆಗಳನ್ನು ನಡೆಸಿ, ಎಲ್ಲವೂ ಹಸಿರು, ಅಂದರೆ ಸರಿ, ಎಂದು ತೋರಿಸಿದ ಮೇಲೆ ಅಲ್ಲಿ 83 ಬರುತ್ತದೆ. ಅದಕ್ಕೆ ಎರಡು ಗಂಟೆ ಐವತ್ತು ನಿಮಿಷ ಬೇಕು. ಎಂಟೂವರೆಗೆ ಟೈಪಿಂಗ್ ಕಲಿಯುವವರ ಮೊದಲ ತಂಡ ಬರುತ್ತದೆ. ಅಷ್ಟರೊಳಗೆ ಮುಗಿಯಬೇಕು, ಅಷ್ಟರೊಳಗೆ ಕರೆಂಟು ಹೋಗಬಾರದು. ಒಂದೇ ಒಂದು ಕೆಂಪು ಬಂದು, ಅದನ್ನು ಆ ದಿನವೇ ಸರಿಪಡಿಸಲಾಗದೆ ಹೋದರೆ ಎಂಬತ್ತೆರಡು ದಿನದ ಶ್ರಮ ನೀರಿನಲ್ಲಿ ಹೋಮ.

ವಾಣಿ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಈ ಶಿಕ್ಷಕಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ 'ಲಿನೆಟ್' ಎಂಬ ಬ್ರೌಸರಿನ ಒಂದು ಭಾಗದ ಏಕೈಕ ಪಾಲಕಿ. ಲಿನೆಟ್ ಮುಕ್ತ ತಂತ್ರಾಂಶ. ಅಂದರೆ ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು, ಸರಿಯಿದ್ದರೆ ಅದು ಎಲ್ಲರ ಕಂಪ್ಯೂಟರಿಗೂ ಹೋಗುತ್ತದೆ. ಹೀಗೆ ವಸಂತಮ್ಮನವರ ಹೆಸರಿನಲ್ಲಿ ಎಂಟು ವರ್ಷದಲ್ಲಿ ಹೋದ ತಿದ್ದುಪಡಿಗಳು ಸಾವಿರದ ನೂರ ನಲವತ್ತಾರು. ಇದಕ್ಕೆ ಸಂಬಳವಿಲ್ಲ, ಸನ್ಮಾನವಿಲ್ಲ. ಕೆಳಗಿನ ಮಂಡಿಯ ಮಹದೇವು ಅವರಿಗೆ ಮೊನ್ನೆಮೊನ್ನೆಯವರೆಗೂ ವಸಂತಮ್ಮ ಬೆಳಿಗ್ಗೆ ಬಂದು ಕಸ ಗುಡಿಸುತ್ತಾರೆ ಎಂದೇ ನಂಬಿಕೆಯಿತ್ತಂತೆ.

ನನಗೂ ಅರ್ಥವಾಗಿರಲಿಲ್ಲ. ಅವರು ನೋಡಿಕೊಳ್ಳುವುದು ಸ್ಕ್ರಿಪ್ಟ್ ಎಂಜಿನ್ನಿನಲ್ಲಿ ಹಳೇ ಯಂತ್ರಗಳ ಭಾಗವಂತೆ; ಹಾಗೆಂದರೆ ಏನು ಎಂದು ಕೇಳಿದೆ. ಟೈಪಿಂಗ್ ಕಲಿಸುವ ತಾಳ್ಮೆಯಲ್ಲೇ ಹೇಳಿದರು.

"ಫಾರಮ್ಮಲ್ಲಿ ನೀವು ಹುಟ್ಟಿದ್ ದಿನ ಹಾಕ್ತೀರ. ತಪ್ಪಾದ್ರೆ ಕೆಂಪಗೆ ಬತ್ತದಲ್ವ? ತನ್ಗೆ ತಾನೇ ಬತ್ತದಾ ಅದು? ಪುಟದವ್ರು ಏನೇನ್ ಮಾಡ್ಬೇಕು ಅಂತ ಬರೆದಿರ್ತಾರೆ. ಒಳಗಡೆ ಒಬ್ಬ ಕೂತ್ಕೊಂಡು ಅದನ್ನ ಓದಿ ಮಿಶಿನ್ಗೆ ಅದರ ಭಾಷೇಲಿ ಹೇಳ್ತಿರ್ತಾನೆ. ಹೊಸ ಮಿಶಿನ್ನಿಗೆ ಹೇಳೋನೇ ಬೇರೆ, ಹಳೇ ಮಿಶಿನ್ನಿಗೆ ಹೇಳೋನೇ ಬೇರೆ. ಹೊಸಬ್ರನ್ನ ನೋಡ್ಕೊಳೋಕೆ ಮುನ್ನೂರು ಜನ ಅವ್ರೆ. ಹಳೇವ್ನಿಗೆ ನಾನೊಬ್ಳೇ."

ಹೊಸ ಯಂತ್ರಗಳ ಮುನ್ನೂರು ಮಂದಿ ದಿನಕ್ಕೆ ಸುಮಾರು ಅರವತ್ತು ಬದಲಾವಣೆ ಮಾಡುತ್ತಾರೆ. ಅದರಲ್ಲಿ ಏಳೋ ಎಂಟೋ ಹಳೆಯ ಭಾಗಕ್ಕೂ ತಗಲುತ್ತವೆ. ಅವಕ್ಕೆ ತಕ್ಕಂತೆ ಇಲ್ಲಿಯೂ ತಿದ್ದದಿದ್ದರೆ ಎಲ್ಲೋ ಒಂದು ಹಳೆಯ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆಯುವುದಿಲ್ಲ, ಒಂದು ಅರ್ಜಿ ಹೋಗುವುದಿಲ್ಲ. "ಅವ್ರು ಗೋಡೆ ಸರಿಸ್ದಂಗೆಲ್ಲ ನಾನ್ ಬಾಗ್ಲು ಸರಿಸ್ಬೇಕು" ಎಂದು ನಗುತ್ತಾರೆ ವಸಂತಮ್ಮ.

ಇವರು ನಂಜನಗೂಡು ಕಡೆಯ ಹಳ್ಳಿಯವರು. ತಂದೆ ನಿಂಗಯ್ಯ ರೈತರು. ಹದಿನೇಳನೇ ವಯಸ್ಸಿನಲ್ಲಿ ಟೈಪಿಂಗ್ ಕಲಿಯಲು ಇದೇ ಮೆಟ್ಟಿಲು ಹತ್ತಿದವರು, ಕನ್ನಡ ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಗ್ರೇಡ್ ಮುಗಿಸಿ ಇಲ್ಲೇ ಕಲಿಸಲು ನಿಂತರು. ಸಂಸ್ಥೆ ಕಟ್ಟಿದ ಗೋವಿಂದರಾಜು ಮೇಷ್ಟ್ರು ಕಣ್ಣು ಮಂಜಾದ ಮೇಲೆ ಬೀಗದ ಕೈ ಇವರಿಗೆ ಕೊಟ್ಟರು. ಮೇಷ್ಟ್ರು ಈಗಿಲ್ಲ. ಅವರ ಒಂದಡಿಯ ಮರದ ಸ್ಕೇಲು ಇದೆ.

ಆ ಸ್ಕೇಲಿನ ಕಥೆ ಹೇಳಲೇಬೇಕು. ಟೈಪ್ ಮಾಡಿದ ಹಾಳೆ ತಿದ್ದುವಾಗ ಮೇಷ್ಟ್ರು ಕೊನೆಯ ಸಾಲಿನ ಕೆಳಗೆ ಸ್ಕೇಲಿಟ್ಟು ಅಲ್ಲಿಂದ ಮೇಲಕ್ಕೆ ಓದುತ್ತಿದ್ದರಂತೆ. ಮೇಲಿನಿಂದ ಓದಿದರೆ ಮನಸ್ಸು ಅರ್ಥದ ಹಿಂದೆ ಓಡಿ ತಪ್ಪನ್ನು ಹಾರಿಸಿಬಿಡುತ್ತದೆ ಎಂಬುದು ಅವರ ತರ್ಕ. ಇಂದಿಗೂ ವಸಂತಮ್ಮ ಕಂಪ್ಯೂಟರಿನ ಪರದೆಗೆ ಆ ಸ್ಕೇಲು ಅಡ್ಡ ಹಿಡಿದು, ಕೋಡನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಬೇರೆ ಯಾರಾದರೂ ಹೀಗೆ ಓದುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇವರು ಓದುತ್ತಾರೆ, ತಪ್ಪು ಸಿಗುತ್ತದೆ.

ಮೊದಲ ತಪ್ಪು ಸಿಕ್ಕಿದ್ದೂ ಹಾಗೆಯೇ. ಎಂಟು ವರ್ಷದ ಹಿಂದೆ ಲಿನೆಟ್ಟಿನ ಹೊಸ ಆವೃತ್ತಿ ಬಂದ ಮರುದಿನ, ನೇಮಕಾತಿಯೊಂದರ ಅರ್ಜಿಯಲ್ಲಿ ಹುಟ್ಟಿದ ದಿನದ ಚೌಕ ಇಲ್ಲಿನ ಹನ್ನೊಂದು ಯಂತ್ರಗಳಲ್ಲೂ ಕಲ್ಲಾಗಿ ಕೂತಿತು. ಅಂದೇ ಕೊನೆಯ ದಿನ. ಹದಿನಾಲ್ಕು ಜನ ಕಾಯುತ್ತಿದ್ದರು. ಅವರನ್ನೆಲ್ಲ ಲಷ್ಕರ್ ಮೊಹಲ್ಲಾದ ಇನ್ನೊಂದು ಅಂಗಡಿಗೆ ನಡೆಸಿಕೊಂಡು ಹೋಗಿ ಅರ್ಜಿ ಹಾಕಿಸಿ ಬಂದು, ವಸಂತಮ್ಮ ಲಿನೆಟ್ಟಿನವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದರು. ಯಾರೋ ಒಬ್ಬರು ಒಂದೇ ಸಾಲು ಉತ್ತರಿಸಿದರು: ಹೊಸ ಕಂಪ್ಯೂಟರ್ ಕೊಳ್ಳಿ.

"ಮೈಯೆಲ್ಲ ಉರಿದೋಯ್ತು ಸಾರ್. ಸಲಹೆ ಕೇಳಿದ್ನಾ ನಾನು? ಕೆಟ್ಟೋಗಿದೆ, ಸರಿ ಮಾಡಿ ಅಂದೆ. ಓದೋಕೆ ಎಲ್ರಿಗೂ ಬಿಟ್ಟಿದೀವಿ ಅಂತ ಬೋರ್ಡ್ ಹಾಕ್ಕೊಂಡಿದ್ರಲ್ಲ, ಸರಿ, ಓದೇಬುಡೋಣ ಅಂತ ಪ್ರಿಂಟ್ ತಗ್ದೆ. ಇನ್ನೂರ ಹದಿನಾಕು ಪುಟ."

ಅವರಿಗೆ ಆಗ ಕೋಡಿನ ಗಂಧಗಾಳಿ ಇರಲಿಲ್ಲ. ಆದರೆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಅವರ ಇಪ್ಪತ್ತೈದು ವರ್ಷದ ಕಸುಬು. ಹೊಸ ಯಂತ್ರದ ಭಾಗ ಎಡಕ್ಕೆ, ಹಳೆಯ ಯಂತ್ರದ ಭಾಗ ಬಲಕ್ಕೆ. ನಾಲ್ಕನೇ ದಿನ ಸ್ಕೇಲು ಒಂದು ಕಡೆ ನಿಂತಿತು. ಎಡಕ್ಕಿದ್ದ ಎರಡು ಸಾಲು ಬಲಕ್ಕೆ ಇರಲೇ ಇಲ್ಲ. ಯಾರೋ ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಮರೆತಿದ್ದರು. ಆ ಎರಡು ಸಾಲನ್ನು ಬರೆದು ಕಳಿಸಿದರು. ಒಂದು ವಾರದ ಮೇಲೆ ಅದು ಸೇರಿತು. ಕೆಳಗೆ ಇವರ ಹೆಸರೂ ಇತ್ತು.

ಅಲ್ಲಿಂದ ಮುಂದೆ ಕಲಿತದ್ದೇ ಕಲಿತದ್ದು. ಸರಸ್ವತಿಪುರಂನಲ್ಲಿ ಟ್ಯುಟೋರಿಯಲ್ ನಡೆಸುವ ಸುದರ್ಶನ ಅವರಿಗೆ ಇವರು ಟೈಪಿಂಗ್ ಕಲಿಸಿದರು, ಅವರು ಇವರಿಗೆ ಪ್ರೋಗ್ರಾಮಿಂಗ್ ಕಲಿಸಿದರು. "ಆರು ತಿಂಗಳು ಪಾಠ ಮಾಡಿದೆ ಸಾರ್. ಏಳನೇ ತಿಂಗಳು ಅವರೇ ನನ್ನ ತಪ್ಪು ಹಿಡಿಯೋಕೆ ಶುರು ಮಾಡಿದ್ರು. ನಾನು ಮೆತ್ತಗೆ ಜಾಗ ಖಾಲಿ ಮಾಡಿದೆ" ಎನ್ನುತ್ತಾರೆ ಸುದರ್ಶನ. ಪತಿ ಕುಮಾರಸ್ವಾಮಿ ನಗರ ಸಾರಿಗೆಯ ಬಸ್ ಚಾಲಕರು. ಫಸ್ಟ್ ಶಿಫ್ಟಿಗೆ ಹೊರಟಾಗ ಹೆಂಡತಿಯನ್ನು ಸ್ಕೂಟರಿನಲ್ಲಿ ಓಣಿಯ ತುದಿಗೆ ಬಿಟ್ಟು ಹೋಗುತ್ತಾರೆ. ಇಬ್ಬರ ಡ್ಯೂಟಿಯೂ ಒಂದೇ ಹೊತ್ತಿಗೆ ಶುರು.

ಕಷ್ಟಗಳ ಪಟ್ಟಿ ಕೇಳಿದರೆ ವಸಂತಮ್ಮ ಇರುವೆಯಿಂದ ಆರಂಭಿಸುತ್ತಾರೆ. ಕೆಳಗೆ ಬೆಲ್ಲ, ಮೇಲೆ ಬೆಚ್ಚಗಿನ ಕಂಪ್ಯೂಟರ್ ಡಬ್ಬ. ಇರುವೆಗೆ ಇನ್ನೇನು ಬೇಕು! ಶನಿವಾರ ಮಧ್ಯಾಹ್ನ ಹನ್ನೊಂದು ಡಬ್ಬಗಳನ್ನೂ ಬಿಚ್ಚಿ ಪೇಂಟ್ ಬ್ರಷ್ಷಿನಿಂದ ಗುಡಿಸಿ, ಮೇಜಿನ ಕಾಲಿಗೆ ಅರಿಶಿನದ ಗೆರೆ ಎಳೆಯುತ್ತಾರೆ. ಆದರೂ ನಲವತ್ತೊಂದನೇ ದಿನ ಆರನೇ ಯಂತ್ರದ ಪವರ್ ಸಪ್ಲೈ ಒಳಗೆ ಇರುವೆಗಳು ಸಂಸಾರ ಹೂಡಿ ಅದನ್ನು ಸುಟ್ಟೇಬಿಟ್ಟವು. ಅಂದು ಗುಜರಿಯಲ್ಲಿ ಹುಡುಕಿ ಇನ್ನೊಂದು ತಂದು ಜೋಡಿಸಿ, ಸಂಜೆ ಐದಕ್ಕೆ 41 ಬರೆದರು.

ಈ ಎಣಿಕೆ ಯಾಕೆ ಎಂದು ಈಗ ಹೇಳುತ್ತೇನೆ. ಕಳೆದ ವರ್ಷ ಆಯುಧಪೂಜೆಯ ಹಿಂದಿನ ಸಂಜೆ ವಸಂತಮ್ಮ ಒಂದು ತಿದ್ದುಪಡಿ ಹಾಕಿ, ಯಂತ್ರಗಳನ್ನು ಆರಿಸಿ, ಒರೆಸಿ, ಕುಂಕುಮವಿಟ್ಟು ಮನೆಗೆ ಹೋದರು. ಮರುದಿನ ಪೂಜೆ. ಪೂಜೆಯ ದಿನ ಉಪಕರಣ ಮುಟ್ಟುವ ಪದ್ಧತಿ ಈ ಓಣಿಯಲ್ಲಿ ಯಾರಿಗೂ ಇಲ್ಲ. ಮಹದೇವು ತಕ್ಕಡಿ ಮುಟ್ಟುವುದಿಲ್ಲ, ವಸಂತಮ್ಮ ಕೀಬೋರ್ಡ್ ಮುಟ್ಟುವುದಿಲ್ಲ. ಇವರ ಬಳಿ ಇರುವುದು ಗುಂಡಿ ಒತ್ತುವ ಹಳೇ ಫೋನು, ಅದರಲ್ಲಿ ಇಮೇಲ್ ಇಲ್ಲ. ಆ ತಿದ್ದುಪಡಿಯಲ್ಲಿ ಒಂದು ತಪ್ಪಿತ್ತು. ಅಂದೇ ಲಿನೆಟ್ಟಿನ ಹೊಸ ಆವೃತ್ತಿ ಹೊರಡಬೇಕಿತ್ತು. ಹಳೇ ಯಂತ್ರ ಯೋಜನೆಯ ಬೇರೆ ಯಾರ ಬಳಿಯೂ ಇಲ್ಲದ್ದರಿಂದ ತಪ್ಪು ಎಲ್ಲಿದೆ ಎಂದು ಹುಡುಕಲು ಅವರಿಗೆ ಹನ್ನೊಂದು ಗಂಟೆ ಹಿಡಿಯಿತು. ವಿಜಯದಶಮಿ ಬೆಳಿಗ್ಗೆ ಬಂದು ನೋಡಿದರೆ ಹದಿನಾಲ್ಕು ಪತ್ರಗಳು, ಒಂದಕ್ಕಿಂತ ಒಂದು ಖಾರ.

"ತಪ್ಪು ನಂದೇ. ಮುಚ್ಚಿಡಲ್ಲ" ಎನ್ನುತ್ತಾರೆ. "ಪೂಜೆ ಮಾಡಿದ್ದು ತಪ್ಪಲ್ಲ. ಹಿಂದಿನ್ ಸಂಜೆ ಆತುರಕ್ಕೆ ಬಿದ್ದು ಹಾಕಿದ್ನಲ್ಲ, ಅದು ತಪ್ಪು. ಈಗ ಯಾವ ಹಬ್ಬಕ್ಕಾದ್ರೂ ಮೂರು ದಿನ ಮೊದ್ಲೇ ಕೈ ತೊಳ್ಕೊಂಬುಡ್ತೀನಿ."

ಅವರು ತಪ್ಪೊಪ್ಪಿಕೊಂಡರೂ ಕಡತದಲ್ಲಿ ಅದು ಉಳಿಯಿತು. ಈ ವರ್ಷ ಜೂನ್‌ನಲ್ಲಿ ಯೋಜನೆಯ ಮುಖ್ಯಸ್ಥ ಟೊಬಿಯಾಸ್ ಹಳೆಯ ಯಂತ್ರಗಳ ಭಾಗವನ್ನು ಕಿತ್ತುಹಾಕುವ ಪ್ರಸ್ತಾಪ ಇಟ್ಟರು. ಬಳಸುವವರು ಯಾರಿದ್ದಾರೆ, ನೋಡಿಕೊಳ್ಳುವವರು ಒಬ್ಬರೇ, ಅವರೂ ಬೇಕಾದಾಗ ಸಿಗುವುದಿಲ್ಲ ಎಂಬುದು ವಾದ. ನಾನು ಟೊಬಿಯಾಸ್‌ಗೆ ಬರೆದು ಕೇಳಿದೆ. ಸಭ್ಯವಾಗಿಯೇ ಉತ್ತರಿಸಿದರು: "ಆ ಭಾಗ ಹೋದರೆ ನಮ್ಮ ಕೆಲಸದ ಕಾಲುಪಾಲು ಕಡಿಮೆಯಾಗುತ್ತದೆ. ಇದನ್ನು ಅವರಿಗೆ ವಿವರಿಸಿ ವಿವರಿಸಿ ನಾನು ಸೋತಿದ್ದೇನೆ." ಅವರ ಮಾತಿನಲ್ಲೂ ನ್ಯಾಯವಿದೆ, ಒಪ್ಪುತ್ತೇನೆ. ಆದರೆ ಅವರ ಮೇಜಿನ ಮೇಲೆ ಆರನೇ ನಂಬರಿನ ಕಂಪ್ಯೂಟರ್ ಇಲ್ಲವಲ್ಲ!

ಬಳಸುವವರು ಯಾರು ಎಂಬ ಪ್ರಶ್ನೆಗೆ ವಸಂತಮ್ಮ ಡೌನ್‌ಲೋಡ್ ಪುಟದಲ್ಲಿ ಒಂದು ಸಾಲು ಹಾಕಿಸಿದರು: ನೀವು ಹಳೇ ಯಂತ್ರದಲ್ಲಿ ಇದನ್ನು ಬಳಸುತ್ತಿದ್ದರೆ ಒಂದು ಪತ್ರ ಬರೆಯಿರಿ. ಮುನ್ನೂರ ಹನ್ನೆರಡು ಪತ್ರ ಬಂದವು. ಬೆಟ್ಟದ ಮೇಲಿನ ಆಸ್ಪತ್ರೆಯೊಂದರ ನರ್ಸ್, ದ್ವೀಪವೊಂದರ ಶಾಲೆ, ಗುಂಡ್ಲುಪೇಟೆ ಕಡೆಯ ಗ್ರಂಥಾಲಯ. ಎಲ್ಲವನ್ನೂ ಪ್ರಿಂಟ್ ತೆಗೆದು ದಾರದಲ್ಲಿ ಕಟ್ಟಿಟ್ಟಿದ್ದಾರೆ. "ಇವ್ರೆಲ್ಲ ಹೊಸಾದು ಕೊಳ್ಳೋ ತಂಕ ಅರ್ಜಿ ಹಾಕ್ಬಾರ್ದಾ? ಕಾಯಿಲೆ ಬೀಳ್ಬಾರ್ದಾ? ಮಿಶಿನ್ ಕೆಟ್ಟಿಲ್ಲ, ಓಡ್ತಾ ಅದೆ. ಓಡ್ತಿರೋದನ್ನ ಇವ್ರು ಸತ್ತೋಯ್ತು ಅಂತ ಹೇಳೋದ್ಯಾಕೆ?"

ಕೊನೆಗೆ ಟೊಬಿಯಾಸ್ ಒಂದು ಷರತ್ತು ಹಾಕಿದರು. ಜುಲೈ ಏಳರಿಂದ ತೊಂಬತ್ತು ದಿನ, ಒಂದು ದಿನವೂ ತಪ್ಪದೆ, ನಿಜವಾದ ಹಳೇ ಯಂತ್ರಗಳ ಮೇಲೆ ಎಲ್ಲ ಪರೀಕ್ಷೆ ಹಸಿರಾಗಬೇಕು. ತಪ್ಪಿದರೆ ಆ ಭಾಗ ಮುಂದಿನ ಆವೃತ್ತಿಯಲ್ಲಿ ಇರುವುದಿಲ್ಲ. ವಸಂತಮ್ಮ ಒಪ್ಪಿ ಸಹಿ ಹಾಕಿದರು. ಆಮೇಲೆ ಪಂಚಾಂಗ ತೆಗೆದು ಎಣಿಸಿದರು. ಎಂಬತ್ತೇಳನೇ ದಿನ ಆಯುಧಪೂಜೆ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ತೆಪ್ಪಗೆ ಅಂದು ಬೆಳಿಗ್ಗೆ ಬಂದು ಗುಂಡಿ ಒತ್ತಿ, ಎಂಟೂವರೆಗೆ ಆರಿಸಿ, ಒಂಬತ್ತಕ್ಕೆ ಪೂಜೆ ಮಾಡುತ್ತಿದ್ದೆ. ಸುದರ್ಶನ ಅವರೂ ಅದನ್ನೇ ಹೇಳಿದರು. ಟೊಬಿಯಾಸ್ ಇನ್ನೂ ಸುಲಭದ ದಾರಿ ತೋರಿಸಿದರು: ಟೈಮರ್ ಹಾಕಿ, ಯಂತ್ರ ತಾನೇ ನಡೆಸಿಕೊಳ್ಳುತ್ತದೆ, ನೀವು ಮುಟ್ಟಬೇಕಾಗಿಲ್ಲ.

"ನಾನ್ ಮುಟ್ಟಲ್ಲ ಸರಿ. ರಜ ಯಾರ್ಗೆ ಸಾರ್, ನಂಗಾ? ಮಿಶಿನ್ಗೆ" ಎನ್ನುವಾಗ ವಸಂತಮ್ಮನವರ ದನಿ ಏರುತ್ತದೆ. "ಮುನ್ನೂರ ಅರವತ್ನಾಕು ದಿನ ದುಡಿಸ್ಕೊಂಡು ಒಂದಿನ ಅದ್ರ ಹಣೆಗೆ ಕುಂಕುಮ ಇಟ್ಟು, ಇವತ್ತು ನೀನು ಸುಮ್ನಿರು ಅಂತೀವಿ. ಕುಂಕುಮ ಇಟ್ಟು ಒಳಗಿಂದೊಳಗೇ ಕೆಲ್ಸ ಮಾಡಿಸ್ದ್ರೆ ಅದ್ಯಾವ್ ಸೀಮೆ ಪೂಜೆ?"

ಅಷ್ಟಕ್ಕೇ ಬಿಟ್ಟಿದ್ದರೆ ಅದು ಬರೀ ಹಠವಾಗುತ್ತಿತ್ತು. ಅವರು ಸ್ಕೇಲು ತೆಗೆದರು. ಲಿನೆಟ್ಟಿನ ಎಂಟು ವರ್ಷದ ದಿನಚರಿಯನ್ನು ಪ್ರಿಂಟ್ ತೆಗೆದು ಕೆಳಗಿನಿಂದ ಮೇಲಕ್ಕೆ ಓದಿದರು. ಪ್ರತಿ ವರ್ಷ ಡಿಸೆಂಬರ್ ಇಪ್ಪತ್ತನಾಲ್ಕರಿಂದ ಜನವರಿ ಒಂದರವರೆಗೆ ಯೋಜನೆಯ ಸ್ವಂತ ಪರೀಕ್ಷಾ ಯಂತ್ರಗಳೂ ಓಡುವುದಿಲ್ಲ. ಅದಕ್ಕೆಂದೇ 'ರಜಾ ದಿನಗಳು' ಎಂಬ ಕಡತವೂ ಇದೆ. ಆ ಒಂಬತ್ತು ದಿನಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪುಟವನ್ನು ಸ್ಕ್ಯಾನ್ ಮಾಡಿ, ಹಬ್ಬಕ್ಕೆ ಮೂರು ವಾರ ಮೊದಲೇ ಟೊಬಿಯಾಸ್‌ಗೆ ಕಳಿಸಿದರು. ಜೊತೆಗೆ ಎರಡೇ ಸಾಲು: ನಿಮಗೆ ಒಂಬತ್ತು ದಿನ. ನಮಗೆ ಒಂದು ದಿನ, ಅಂದು ನನ್ನ ಯಂತ್ರಗಳು ಓಡುವುದಿಲ್ಲ.

ಉತ್ತರ ಬರಲಿಲ್ಲ. ನಾನು ಮೊದಲ ಸಲ ಮೆಟ್ಟಿಲು ಹತ್ತಿದ ಎಂಬತ್ತಮೂರನೇ ದಿನವೂ ಬಂದಿರಲಿಲ್ಲ.

ಎಂಬತ್ತೇಳನೇ ದಿನ ಮತ್ತೆ ಹೋಗುತ್ತೇನೆ. ಓಣಿಯಲ್ಲಿ ಲಾರಿಯಿಲ್ಲ. ಮಂಡಿಯ ತಕ್ಕಡಿಗೆ ಸೇವಂತಿಗೆ ಹಾರ, ಕುಮಾರಸ್ವಾಮಿಯವರ ಸ್ಕೂಟರಿನ ಹ್ಯಾಂಡಲಿಗೆ ಬಾಳೆಕಂದು. ಮೇಲೆ ಹನ್ನೊಂದು ಪರದೆಗಳೂ ಕಪ್ಪಗಿವೆ, ಪ್ರತಿಯೊಂದರ ಹಣೆಯಲ್ಲೂ ಕುಂಕುಮ. ಮೂಲೆಯಲ್ಲಿರುವ ಮೇಷ್ಟ್ರ ಕಾಲದ ಎರಡು ಟೈಪ್‌ರೈಟರಿಗೂ, ಮರದ ಸ್ಕೇಲಿಗೂ ಹೂವಿದೆ. ಮೆಟ್ಟಿಲ ಬುಡದಲ್ಲಿ ಮಹದೇವು ಬೂದುಗುಂಬಳಕಾಯಿ ಒಡೆಯುತ್ತಾರೆ. ವಸಂತಮ್ಮ ಎಲ್ಲರಿಗೂ ಕಡ್ಲೆಪುರಿ ಬೆಲ್ಲ ಹಂಚುತ್ತಾರೆ. ಅಷ್ಟು ಹೊತ್ತೂ ಅವರ ಕಣ್ಣು ಒಮ್ಮೆಯೂ ಗುಂಡಿಗಳ ಕಡೆ ಹೋಗುವುದಿಲ್ಲ. ನನ್ನ ಕಣ್ಣು ಮಾತ್ರ ಹೋಗುತ್ತಲೇ ಇರುತ್ತದೆ. ಎಂಟು ವರ್ಷದ ಕೆಲಸ, ಮುನ್ನೂರ ಹನ್ನೆರಡು ಪತ್ರ, ಎಲ್ಲವೂ ಅಲ್ಲಿ ಕುಂಕುಮ ಇಟ್ಟುಕೊಂಡು ಸುಮ್ಮನೆ ಕೂತಿವೆ.

"ಭಯ ಆಗಲ್ವಾ?" ಎಂದು ಕೇಳಿಯೇ ಬಿಡುತ್ತೇನೆ.

"ಆಯ್ತದೆ. ಯಾಕಾಗಲ್ಲ?" ಎನ್ನುತ್ತಾರೆ. "ಭಯ ಹೇಳ್ದಂಗೆ ಕೇಳ್ಕೊಂಡ್ ಬಾಳಕಾಯ್ತದಾ ಬುಡಿ. ಪುರಿ ತಿನ್ನಿ."

ಕಪ್ಪುಹಲಗೆಯಲ್ಲಿ 86ರ ಪಕ್ಕದಲ್ಲಿ 87 ಇಲ್ಲ. ಅಲ್ಲಿ ಒಂದು ಕುಂಕುಮದ ಬೊಟ್ಟು ಇದೆ.

ವಿಜಯದಶಮಿಯ ಬೆಳಿಗ್ಗೆ ಯಂತ್ರಗಳು ಮತ್ತೆ ಎದ್ದವು, ಎಲ್ಲ ಹಸಿರಾಯಿತು, ಹಲಗೆಯಲ್ಲಿ 88 ಬಂತು. ಟೊಬಿಯಾಸ್ ಉತ್ತರವೂ ಅಂದೇ ಬಂತು. ಚರ್ಚಿಸಿದ್ದೇವೆ, ಈ ಸಲಕ್ಕೆ ಮಾತ್ರ ಆ ಒಂದು ದಿನಕ್ಕೆ ವಿನಾಯಿತಿ ಕೊಡುತ್ತೇವೆ. ಸುದರ್ಶನ ಸಿಹಿ ತರಲು ಹೊರಟೇಬಿಟ್ಟಿದ್ದರಂತೆ. ವಸಂತಮ್ಮ ತಡೆದರು.

"ವಿನಾಯಿತಿ ನಾನ್ ಕೇಳ್ಲಿಲ್ಲ. ಈ ವರ್ಷ ವಿನಾಯಿತಿ, ಮುಂದಿನ್ವರ್ಷ ಮತ್ತೆ ಕೈ ಮುಗೀಬೇಕು. ಅವ್ರ ಹಬ್ಬ ಪಟ್ಟೀಲದೆ, ನಮ್ದೂ ಪಟ್ಟೀಲಿರ್ಲಿ. ಅಷ್ಟೇಯ."

ಹಾಗೆಂದು ಬರೆದು ಸುಮ್ಮನಾಗಲಿಲ್ಲ. 'ರಜಾ ದಿನಗಳು' ಕಡತ ತೆರೆದು, ಆಯುಧಪೂಜೆ ಎಂಬ ಒಂದೇ ಒಂದು ಸಾಲು ಸೇರಿಸಿ, ಎಲ್ಲ ತಿದ್ದುಪಡಿಗಳಂತೆ ಅದನ್ನೂ ಪರಿಶೀಲನೆಗೆ ಕಳಿಸಿದರು. ಕೊಟ್ಟ ವಿನಾಯಿತಿಯನ್ನು ತಿರಸ್ಕರಿಸಿದ್ದು ಕೆಲವರಿಗೆ ಸರಿಬರಲಿಲ್ಲ. ಎರಡು ದಿನ ಅದರ ಕೆಳಗೆ ನಲವತ್ತು ಜನ ಜಗಳವಾಡಿದರು. ಧಾರ್ಮಿಕ ವಿಷಯ ಯಾಕೆ ಎಂದು ಒಬ್ಬರು, ಡಿಸೆಂಬರಿನದು ಏನು ಹಾಗಾದರೆ ಎಂದು ಇನ್ನೊಬ್ಬರು. ಚಾಂದ್ರಮಾನ ಹೊಸ ವರ್ಷಕ್ಕೆ ತಮ್ಮ ಊರಿನಲ್ಲೂ ಯಾರೂ ಕೆಲಸ ಮಾಡುವುದಿಲ್ಲ, ಇಷ್ಟು ವರ್ಷ ಹೇಳಲು ಹಿಂಜರಿದೆ ಎಂದು ಬರೆದವರು ಇನ್ನೊಂದು ದೇಶದ ಪಾಲಕ. ಅವರೂ ಒಂದು ಸಾಲು ಸೇರಿಸಿದರು. ವಸಂತಮ್ಮ ಒಮ್ಮೆಯೂ ಬಾಯಿ ಹಾಕಲಿಲ್ಲ. ತೊಂಬತ್ತನೇ ದಿನ ಸಂಜೆ ಟೊಬಿಯಾಸ್ ಸ್ವತಃ ಆ ಸಾಲನ್ನು ಒಪ್ಪಿ ಸೇರಿಸಿದರು. ಕೆಳಗೆ ಬರೆದರು: ಎಂಬತ್ತೊಂಬತ್ತು ಹಸಿರು, ಒಂದು ರಜೆ. ಷರತ್ತು ಪೂರ್ತಿಯಾಗಿದೆ. ಹಳೆಯ ಯಂತ್ರಗಳ ಭಾಗ ಉಳಿಯುತ್ತದೆ.

ಈಗ ನಿಮಗೇನಾದರೂ ಬೇಕೇ ಎಂದು ಮರುದಿನ ಫೋನಿನಲ್ಲಿ ಕೇಳಿದೆ. ಪಾಲಕರ ಪಟ್ಟಿಯಲ್ಲಿ ತಮ್ಮ ಹೆಸರಿನ ಕೆಳಗೆ ಇನ್ನೊಂದು ಹೆಸರು ಬಂದರೆ ಸಾಕು ಎಂದರು. "ಯಾರಾದ್ರೂ ಆಗ್ಲಿ. ಕೆಳಗಿಂದ ಮೇಲಕ್ಕೆ ಓದೋಕೆ ತಾಳ್ಮೆ ಇದ್ರಾಯ್ತು. ಸ್ಕೇಲ್ ನಾನ್ ಕೊಡ್ತೀನಿ."

ಇನ್ನು ಎಣಿಕೆಯ ಗೊಡವೆ ಇಲ್ಲವಲ್ಲ, ಆರಾಮವಾಗಿ ಬರುತ್ತಾರೆ ಎಂದುಕೊಂಡು, ಫೋಟೊ ತೆಗೆಯಲು ಕೊನೆಯ ಬಾರಿ ಒಂಬತ್ತಕ್ಕೆ ಹೋಗುತ್ತೇನೆ. ಟೈಪಿಂಗ್ ಕಲಿಯುವವರು ಆಗಲೇ ಕೂತಿದ್ದಾರೆ. ಮಹದೇವು ಕೆಳಗಿನಿಂದಲೇ ಕೂಗಿ ಹೇಳುತ್ತಾರೆ, ಮೇಡಂ ಐದೂ ಇಪ್ಪತ್ತಕ್ಕೇ ಬಂದಾಯಿತು ಎಂದು. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಈಗಷ್ಟೇ ಬರೆದಂತಿದೆ: 93.

ನಾನು ಹಲಗೆಯನ್ನೂ ಅವರನ್ನೂ ನೋಡುತ್ತೇನೆ. ಅವರು ಆರನೇ ಯಂತ್ರದ ಪಕ್ಕೆ ತಟ್ಟುತ್ತಾ ಹೇಳುತ್ತಾರೆ.

"ತೊಂಬತ್ತು ಅವ್ರು ಕೇಳಿದ್ದು ಸಾರ್. ತೊಂಬತ್ತಕ್ಕೆ ನಿಲ್ಲಿಸ್ತೀನಿ ಅಂತ ನಾನ್ ಅಂದಿದ್ನಾ?"